ಲೇಕ್ ಸುಪೀರಿಯರ್‌ಗೆ ಹೊರಟಿದ್ದೀರಾ? ಆ ನೀರನ್ನು ಕೆರೆ ಅಂದುಕೊಳ್ಳಬೇಡಿ

ಜೂನ್ ಬಂದರೆ ಅಮೆರಿಕದ ಮಿನೆಸೋಟಾದ ಎಷ್ಟೋ ಕನ್ನಡದ ಮನೆಗಳಲ್ಲಿ ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಇರುತ್ತಾರೆ. ಅವರನ್ನು ನಾರ್ತ್ ಶೋರ್‌ಗೆ, ಅಂದರೆ ಲೇಕ್ ಸುಪೀರಿಯರ್ ಎಂಬ ದೊಡ್ಡ ಸರೋವರದ ಉತ್ತರ ದಡಕ್ಕೆ, ಕರೆದುಕೊಂಡು ಹೋಗುವುದು ಇದ್ದದ್ದೇ. ನಾವೂ ಹೋದೆವು, ಆ ದಡದ ಟೆಟ್ಟಗೂಶ್ ಸ್ಟೇಟ್ ಪಾರ್ಕ್‌ಗೆ. ಅಲ್ಲಿ ನನ್ನ ಮೈದುನ ನಮ್ಮ ಕಣ್ಣೆದುರೇ ಮುಳುಗುವುದರಲ್ಲಿದ್ದ. ಈ ವಾರ ಯಾರಾದರೂ ಹೊರಟಿದ್ದರೆ ಒಂದು ಸಲ ಇದನ್ನು ಓದಿಬಿಡಿ.

ಆವತ್ತು ಮಿನಿಯಾಪೊಲಿಸ್‌ನಲ್ಲಿ 30 ಡಿಗ್ರಿ ಬಿಸಿಲು. ಎಲ್ಲರೂ ಹತ್ತಿ ಬಟ್ಟೆ, ಚಪ್ಪಲಿ. ಸ್ವೆಟರ್ ಬೇಡ, ಸುಮ್ನೆ ಭಾರ ಅಂತ ಮನೆಯಲ್ಲೇ ಬಿಡಿಸಿದವಳು ನಾನು. ಲೇಕಿನ ದಡದ ಊರು ಡುಲುತ್ ದಾಟಿ ಹೈವೇ 61 ಹಿಡಿದ ಮೇಲೆ ಮಂಜು ಶುರುವಾಯಿತು. ಸ್ಪ್ಲಿಟ್ ರಾಕ್ ಲೈಟ್‌ಹೌಸ್ ಹತ್ತಿರ ಇಳಿದಾಗ ಅತ್ತೆ ಸೆರಗು ಹೊದ್ದು ನಡುಗುತ್ತಿದ್ದರು. ಒಂದೇ ದಿನ, ಒಂದೇ ರಾಜ್ಯ, ನಾಲ್ಕು ಗಂಟೆಯ ದಾರಿ, ಆದರೆ ಹವೆಯೇ ಬೇರೆ. ಅಲ್ಲೇ ನಮಗೆ ಅರ್ಥವಾಗಬೇಕಿತ್ತು. ದಡದ ಗಾಳಿ ಅಷ್ಟು ತಣ್ಣಗಾಗಿದ್ದರೆ ನೀರು ಹೇಗಿರಬೇಡ!

ಟೆಟ್ಟಗೂಶ್‌ನಲ್ಲಿ ವಿಸಿಟರ್ ಸೆಂಟರ್‌ನಿಂದ ಸ್ವಲ್ಪ ನಡೆದರೆ ಬ್ಯಾಪ್ಟಿಸಂ ನದಿ ಲೇಕಿಗೆ ಸೇರುವ ಜಾಗ ಸಿಗುತ್ತದೆ. ದುಂಡು ಕಲ್ಲುಗಳ ದಡ, ಪಕ್ಕದಲ್ಲಿ ಕಪ್ಪು ಬಂಡೆ. ಚೆಂದದ ಜಾಗ, ಅದರಲ್ಲಿ ಎರಡು ಮಾತಿಲ್ಲ. ಮೈದುನನಿಗೆ 24 ವರ್ಷ. ತೀರ್ಥಹಳ್ಳಿಯಲ್ಲಿ ತುಂಗೆಯಲ್ಲಿ ಈಜಿ ಬೆಳೆದವನು. ಫೋಟೋಗೆ ಅಂತ ಬಂಡೆಯ ಅಂಚಿಗೆ ಹೋಗಿ ನಿಂತ. ಅಲೆ ದೊಡ್ಡದೇನೂ ಇರಲಿಲ್ಲ. ಆದರೆ ಒದ್ದೆ ಬಂಡೆ ಪಾಚಿ ಕಟ್ಟಿ ಎಣ್ಣೆ ಸವರಿದ ಹಾಗಿತ್ತು. ಕಾಲು ಜಾರಿತು, ಬಿದ್ದ.

ಈಜು ಬರುತ್ತಲ್ಲ ಅಂತ ಮೊದಲು ಯಾರಿಗೂ ಗಾಬರಿಯೇ ಆಗಲಿಲ್ಲ. ಮಾವ "ಎದ್ದು ಬಾರೋ" ಅಂದರು. ಅವನು ಮೇಲೆ ಬಂದ, ಆದರೆ ಕೂಗಲಿಲ್ಲ. ಬಾಯಿ ಅಗಲ ತೆರೆದು ಎಳೆದೆಳೆದು ಉಸಿರು ತೆಗೆದುಕೊಳ್ಳುತ್ತಿದ್ದ, ಬಿಡಲು ಆಗುತ್ತಿರಲಿಲ್ಲ. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ತಣ್ಣೀರು ಮೈಗೆ ಬಡಿದ ತಕ್ಷಣ ದೇಹ ತಾನಾಗಿ ಹಾಗೆ ಉಸಿರೆಳೆಯುತ್ತದಂತೆ, ನಮ್ಮ ಹಿಡಿತದಲ್ಲಿ ಇರುವುದಿಲ್ಲ. ಆ ಹೊತ್ತಿಗೆ ತಲೆ ನೀರೊಳಗಿದ್ದರೆ ನೀರನ್ನೇ ಎಳೆದುಕೊಂಡಂತೆ. ಈಜು ಬಂದರೂ ಬರದಿದ್ದರೂ ಮೊದಲ ಒಂದು ನಿಮಿಷ ಎಲ್ಲರಿಗೂ ಇದೇ ಗತಿ.

ನಾನು ದುಪಟ್ಟಾ ಎಸೆದೆ. ಅವನ ಕೈಗೇ ಸಿಕ್ಕಿತು. ಆದರೆ ಚಳಿಗೆ ಬೆರಳು ಮಡಚಲಿಲ್ಲ. ದುಪಟ್ಟಾ ಅಂಗೈ ಮೇಲಿಂದ ಜಾರಿ ಹೋಗುವುದನ್ನು ನಾನು ನೋಡಿದೆ. ಅಷ್ಟರಲ್ಲಿ ಅಲ್ಲೇ ಮೀನು ಹಿಡಿಯುತ್ತಿದ್ದ ಹಿರಿಯರೊಬ್ಬರು ಓಡಿ ಬಂದು ಉದ್ದ ಹಿಡಿಯ ಬಲೆ ಚಾಚಿದರು. ಹಿಡಿದುಕೋ ಅನ್ನಲಿಲ್ಲ. ಬಲೆಯ ಬಳೆಯೊಳಗೆ ತೋಳು ತೂರಿಸು ಅಂದರು. ಅವನು ಹಾಗೇ ಮಾಡಿದ. ಆ ಹಿರಿಯರೂ ನನ್ನ ಗಂಡನೂ ಬಂಡೆ ಮೇಲೆ ಹೊಟ್ಟೆ ಕೊಟ್ಟು ಮಲಗಿ ಎಳೆದರು. ಒಟ್ಟು ಮೂರೋ ನಾಲ್ಕೋ ನಿಮಿಷ ಆಗಿರಬಹುದು. ಆ ಪುಣ್ಯಾತ್ಮರು ಅಲ್ಲಿ ಇರದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲೂ ನನ್ನಿಂದ ಆಗುವುದಿಲ್ಲ.

ಮೇಲೆ ಬಂದ ಮೇಲೂ ಕಷ್ಟ ಮುಗಿಯಲಿಲ್ಲ. ತುಟಿ ನೀಲಿ, ಮಾತು ತೊದಲು. ಅತ್ತೆ ಅಳುತ್ತಾ ಅವನ ಅಂಗೈ ಅಂಗಾಲು ಜೋರಾಗಿ ತಿಕ್ಕತೊಡಗಿದರು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ ಅಲ್ವಾ? ಆದರೆ ಹಾಗೆ ಮಾಡಬಾರದು. ಕೈಕಾಲಿನ ತಣ್ಣನೆ ರಕ್ತ ಒಮ್ಮೆಲೇ ಎದೆಗೆ ನುಗ್ಗಿದರೆ ಹೃದಯಕ್ಕೆ ಅಪಾಯ. ಪಾರ್ಕಿನ ಸಿಬ್ಬಂದಿ ಬಂದು ಒದ್ದೆ ಬಟ್ಟೆ ಪೂರ್ತಿ ಬಿಚ್ಚಿಸಿದರು, ಎದೆ, ಬೆನ್ನಿಗೆ ಕಂಬಳಿ ಸುತ್ತಿದರು, ಮಲಗಿಸಿದರು. ಪೂರ್ತಿ ಎಚ್ಚರವಿದ್ದಾನೆ, ನುಂಗುತ್ತಾನೆ ಅಂತ ಖಾತ್ರಿಯಾದ ಮೇಲೆ ನಮ್ಮ ಫ್ಲಾಸ್ಕಿನ ಕಷಾಯ ಕೊಟ್ಟೆವು. ಲೋಟ ಹಿಡಿಯಲು ಅವನಿಗೆ ಆಗಲಿಲ್ಲ, ನಾನೇ ಕುಡಿಸಿದೆ. ಆಸ್ಪತ್ರೆಗೆ ಹೋಗಿ ಬಂದೆವು. ಈಗ ಹುಷಾರಾಗಿದ್ದಾನೆ.

ಲೇಕ್ ಅಂದ ಕೂಡಲೇ ನಮ್ಮ ಮನಸ್ಸಿಗೆ ಊರ ಕೆರೆ ಬರುತ್ತದೆ. ಇದು ಸುಮಾರು 82,000 ಚದರ ಕಿಲೋಮೀಟರ್ ಹರಡಿದ ನೀರು. ಹೆಚ್ಚೆಂದರೆ 406 ಮೀಟರ್ ಆಳ. ಅಷ್ಟು ನೀರು ಒಂದೆರಡು ತಿಂಗಳ ಬಿಸಿಲಿಗೆ ಕಾಯುವುದಿಲ್ಲ. ಜೂನ್‌ನಲ್ಲಿ ಹೆಚ್ಚಿನ ಕಡೆ 10 ಡಿಗ್ರಿಗೂ ಕಡಿಮೆ ಇರುತ್ತದೆ. 1975ರ ನವೆಂಬರ್ 10ರ ಬಿರುಗಾಳಿಗೆ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಎಂಬ 222 ಮೀಟರ್ ಉದ್ದದ ಹಡಗೇ ಇಲ್ಲಿ ಮುಳುಗಿ 29 ಜನ ಸತ್ತರು. ಅಂಥ ನೀರು.

ಬಂಡೆಯ ವಿಷಯ ಇನ್ನೊಂದು. ಪ್ಯಾಲಿಸೇಡ್ ಹೆಡ್ ಎಂಬ ಎತ್ತರದ ಬಂಡೆಯ ಮೇಲೆ ಹೋದರೆ ಅಂಚಿನ ಉದ್ದಕ್ಕೂ ಕಂಬಿ ಇರುತ್ತದೆ ಅಂದುಕೊಳ್ಳಬೇಡಿ. ಕೆಳಗೆ ನೇರ ಪ್ರಪಾತ. ಮಕ್ಕಳ ಕೈ ಬಿಡಲೇಬೇಡಿ. ಟೆಟ್ಟಗೂಶ್‌ನಲ್ಲೇ ಶವಲ್ ಪಾಯಿಂಟ್ ಹತ್ತಿರ ಇದ್ದ ಕಲ್ಲಿನ ಕಮಾನು 2010ರಲ್ಲಿ ಕುಸಿದು ನೀರಿಗೆ ಬಿತ್ತು. ನೋಡಲು ಗಟ್ಟಿಯಾಗಿ ಕಾಣುವ ಅಂಚು ಗಟ್ಟಿಯೇ ಅಂತ ಏನಿಲ್ಲ.

ಹಾಗಾದರೆ ಹೋಗುವುದೇ ಬೇಡವಾ ಅಂತ ನನ್ನ ಗೆಳತಿ ಕೇಳಿದಳು. ಹೋಗಿ. ಹೈ ಫಾಲ್ಸ್ ಜಲಪಾತ ನೋಡಿ, ಕಾಡಿನ ದಾರಿಯಲ್ಲಿ ನಡೆಯಿರಿ. ಆದರೆ ಹೊರಡುವ ಮುಂಚೆ ನಿಮ್ಮ ಊರಿನ ಹವೆ ನೋಡಬೇಡಿ. ಡುಲುತ್‌ನ ಹವಾಮಾನ ಕಚೇರಿ ದಡದ ಗಾಳಿ, ಅಲೆಗಳ ಮುನ್ಸೂಚನೆ ಕೊಡುತ್ತದೆ, ಅದನ್ನು ನೋಡಿ. ಎಲ್ಲರಿಗೂ ಒಂದೊಂದು ಉಣ್ಣೆಯ ಸ್ವೆಟರ್, ಒಂದು ಜೊತೆ ಒಣ ಬಟ್ಟೆ, ಹಿಡಿತವಿರುವ ಶೂ ಇರಲಿ. ಹತ್ತಿ ಬಟ್ಟೆ ಒದ್ದೆಯಾದರೆ ಚಳಿ ಇನ್ನೂ ಜಾಸ್ತಿ. ದಾರಿಯಲ್ಲಿ ಎಷ್ಟೋ ಕಡೆ ಫೋನ್ ಸಿಗುವುದಿಲ್ಲ, ಮ್ಯಾಪ್ ಮೊದಲೇ ಇಳಿಸಿಕೊಳ್ಳಿ. ಒದ್ದೆ ಬಂಡೆ ಕಂಡರೆ ಅದರ ಹಿಂದೆಯೇ ನಿಂತು ಫೋಟೋ ತೆಗೆಯಿರಿ. ಯಾರಾದರೂ ಬಿದ್ದರೆ ಹಿಂದೆಯೇ ಧುಮುಕಬೇಡಿ. ಕೋಲು, ಬಲೆ, ಹಗ್ಗ, ಏನಾದರೂ ಚಾಚಿ. ಹಿಡಿದುಕೋ ಅನ್ನಬೇಡಿ, ತೋಳು ಸಿಕ್ಕಿಸು ಅನ್ನಿ.