ಕಾರಿನ ಮುಂದಿನ ಗಾಜು: ಐದು ಸಾಮಾನು ತಂದೆ, ಗೆದ್ದಿದ್ದು ಒಂದು ಬಟ್ಟೆ

ಮನೆ ತುಮಕೂರಿನಲ್ಲಿ, ಕೆಲಸ ಪೀಣ್ಯದಲ್ಲಿ. ವಾರಕ್ಕೆ ಮೂರು ದಿನ ಕಾರಿನಲ್ಲಿ ಹೋಗಿ ಬರುತ್ತೇನೆ. ಒಂದು ಕಡೆಗೆ ಸುಮಾರು 60 ಕಿ.ಮೀ. ಈ ದಾರಿಗೆ ಒಂದು ಶಾಪ ಇದೆ, ಓಡಾಡುವವರಿಗೆ ಗೊತ್ತಿರುತ್ತದೆ. ತುಮಕೂರು ಬೆಂಗಳೂರಿಗೆ ವಾಯವ್ಯದಲ್ಲಿದೆ, ಹಾಗಾಗಿ ಚಳಿಗಾಲದಲ್ಲಿ ಬೆಳಿಗ್ಗೆ ಹೊರಟರೆ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ, ಬೇಸಿಗೆಯಲ್ಲಿ ಸಂಜೆ ವಾಪಸ್ ಬರುವಾಗ ಮತ್ತೆ ಅವನೇ ಎದುರಿಗೆ. ಗಾಜಿನ ಮೇಲೆ ಚೂರು ಜಿಡ್ಡು ಇದ್ದರೂ ಸಾಕು, ಬಿಸಿಲು ಓರೆಯಾಗಿ ಬಿದ್ದ ತಕ್ಷಣ ಇಡೀ ಗಾಜು ಮಜ್ಜಿಗೆ ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಹೋದ ಮೇ ತಿಂಗಳಲ್ಲಿ ದಾಬಸ್‌ಪೇಟೆ ದಾಟಿದ ಮೇಲೆ ಹಾಗೇ ಆಯಿತು. ಮುಂದಿನ ಲಾರಿ ಬ್ರೇಕ್ ಹಾಕಿದ್ದು ನನಗೆ ಕಾಣಲೇ ಇಲ್ಲ, ಪಕ್ಕದ ಬೈಕಿನವನು ಕಾಲು ಕೆಳಗೆ ಬಿಟ್ಟಿದ್ದನ್ನು ನೋಡಿ ನಾನೂ ಬ್ರೇಕ್ ಒತ್ತಿದೆ. ಬಚಾವಾದೆ.

ತಮಾಷೆ ಅಂದರೆ ಅವತ್ತು ಬೆಳಿಗ್ಗೆ ತಾನೇ ಗಾಜು ಒರೆಸಿಕೊಂಡು ಹೊರಟಿದ್ದೆ. ಒರೆಸಿದ್ದಕ್ಕೇ ಹಾಗಾಗಿದ್ದು.

ಅವತ್ತಿನಿಂದ ಮೂರು ತಿಂಗಳಲ್ಲಿ ಐದು ಸಾಮಾನು ತಂದೆ. ಗಾಜು ಒರೆಸುವ ನೀಲಿ ಸ್ಪ್ರೇ, ನೊರೆ ಬರುವ ಫೋಮ್ ಕ್ಲೀನರ್, ಉದ್ದ ಹಿಡಿಯ ತ್ರಿಕೋನದ ಮಾಪು, ಟರ್ಕಿ ಟವೆಲ್ ಥರ ದಪ್ಪಗಿರುವ ಮೈಕ್ರೋಫೈಬರ್ ಬಟ್ಟೆ, ಆಮೇಲೆ ಚೌಕ ಚೌಕ ನೇಯ್ಗೆಯ ತೆಳ್ಳಗಿನ ಮೈಕ್ರೋಫೈಬರ್, ಅದೇ ವಾಫಲ್ ಬಟ್ಟೆ ಅಂತಾರಲ್ಲ ಅದು. ಎಲ್ಲಾ ಸೇರಿ 1,400 ರೂಪಾಯಿ ಹತ್ತಿರ ಹೋಯಿತು. ಇದರಲ್ಲಿ ನೀವು ಎಷ್ಟು ಉಳಿಸಬಹುದು ಅಂತ ಹೇಳೋಣ ಅಂತಲೇ ಇದನ್ನು ಬರೆಯುತ್ತಿರುವುದು.

ಮೊದಲು ಫೋಮ್. ಅಲ್ಯೂಮಿನಿಯಂ ಡಬ್ಬಿ, ನಿಂಬೆಹಣ್ಣಿನ ವಾಸನೆ, ನೋಡೋಕೆ ಕೆಲಸ ಮಾಡುವ ಹಾಗೇ ಇದೆ. ಹೊರಗಿನ ಗಾಜಿಗೆ ಪರವಾಗಿಲ್ಲ, ಸಂಜೆ ಹೊಲದ ಪಕ್ಕ ಬರುವಾಗ ಬಡಿದು ಸತ್ತ ಹುಳಗಳನ್ನು ಚೆನ್ನಾಗಿ ನೆನೆಸುತ್ತದೆ. ಒಳಗಡೆ ಹಾಕಿದರೆ ಮಾತ್ರ ನೊರೆ ಕೆಳಗೆ ಜಾರಿ ಡ್ಯಾಶ್‌ಬೋರ್ಡಿನ ಸಂದಿಗೆ ಇಳಿಯುತ್ತದೆ, ಅಲ್ಲಿಂದ ತೆಗೆಯೋಕೆ ಬೆರಳೂ ಹೋಗಲ್ಲ. ಒಂದು ಸಲ ಒರೆಸಿದರೆ ಸೋಪಿನ ಪದರ ಹಾಗೇ ಉಳಿಯುತ್ತದೆ, ಒಣ ಬಟ್ಟೆಯಲ್ಲಿ ಎರಡನೇ ಸಲ, ಮೂರನೇ ಸಲ ಉಜ್ಜಬೇಕು. 375 ರೂಪಾಯಿಗೆ ಇಷ್ಟು ಕೆಲಸ ನಾನೇ ಮಾಡೋದಾದರೆ ಡಬ್ಬಿ ಯಾಕೆ?

ನೀಲಿ ಸ್ಪ್ರೇ, ಅಂದರೆ ಮನೆಯ ಕನ್ನಡಿ, ಶೋಕೇಸ್ ಒರೆಸುತ್ತೇವಲ್ಲ, ಅದೇ. ಇದರ ಮೇಲೆ ನನಗೆ ದೂರಿಲ್ಲ. ತಪ್ಪು ನನ್ನದೇ ಇತ್ತು, ಗಾಜಿಗೆ ಹತ್ತು ಸಲ ಪುಸ್ ಪುಸ್ ಅಂತ ಹೊಡೆಯುತ್ತಿದ್ದೆ. ಜಾಸ್ತಿ ಹಾಕಿದಷ್ಟೂ ಗೆರೆ ಜಾಸ್ತಿ. ಒಳಗಡೆಗಂತೂ ಗಾಜಿಗೆ ಹೊಡೆಯಲೇಬಾರದು, ಬಟ್ಟೆಗೆ ಎರಡು ಸಲ ಹೊಡೆದು ಆ ಬಟ್ಟೆಯಲ್ಲಿ ಒರೆಸಬೇಕು. ಈಗಿನ ಕಾರುಗಳಲ್ಲಿ ಕನ್ನಡಿಯ ಹಿಂದೆ ಕ್ಯಾಮೆರಾ, ಮಳೆ ಸೆನ್ಸರ್ ಅಂತ ಏನೇನೋ ಇರುತ್ತವೆ, ಅಲ್ಲಿಗೆ ನೀರು ಇಳಿದರೆ ಆಮೇಲೆ ಸರ್ವಿಸ್‌ನವರ ಬಿಲ್ ನೋಡಬೇಕಾಗುತ್ತದೆ. ಪಕ್ಕದ ಕಿಟಕಿಗಳಿಗೆ ಫಿಲ್ಮ್ ಅಂಟಿಸಿದ್ದರೆ ಬಾಟಲಿಯ ಮೇಲೆ ಅಮೋನಿಯಾ ಇದೆಯಾ ಅಂತ ಓದಿ ತೆಗೆದುಕೊಳ್ಳಿ. ಇದ್ದರೆ ಫಿಲ್ಮ್ ಕಾಲಕ್ರಮೇಣ ಹಾಳಾಗುತ್ತದೆ.

ಇನ್ನು ಆ ಉದ್ದ ಹಿಡಿಯ ಮಾಪು. ಜಾಹೀರಾತಿನಲ್ಲಿ ಒಬ್ಬರು ಸೀಟಿನಲ್ಲಿ ಕೂತು ಒಂದು ಕೈಯಲ್ಲಿ ಸರಕ್ ಅಂತ ಒರೆಸಿ ನಗುತ್ತಾರೆ. ನನಗೂ ನಗು ಬಂತು, ಬೇರೆ ಕಾರಣಕ್ಕೆ. ತ್ರಿಕೋನದ ತಲೆ ಗಾಜು ಮತ್ತು ಡ್ಯಾಶ್‌ಬೋರ್ಡ್ ಸೇರುವ ಮೂಲೆಗೆ ಹೋಗುತ್ತದೆ, ಅದು ನಿಜ, ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ. ಆದರೆ ಹಿಡಿಯ ಕೀಲು ಸಡಿಲ, ಒತ್ತಿದರೆ ತಲೆ ತಿರುಗಿಕೊಳ್ಳುತ್ತದೆ. ಒತ್ತದೆ ಜಿಡ್ಡು ಹೋಗುವುದಿಲ್ಲ. ಎರಡನೇ ವಾರಕ್ಕೆ ಕೀಲು ಕಿತ್ತು ಬಂತು. ಈಗ ಅದರ ತಲೆಗೆ ಹಾಕುವ ಬಟ್ಟೆ ಟೋಪಿ ಮಾತ್ರ ಉಳಿದಿದೆ, ಅದರಲ್ಲಿ ಮನೆಯ ಟೀವಿ ಒರೆಸುತ್ತೇನೆ.

ಮೂಲೆಗೆ ಕೈ ಹೋಗುವ ಉಪಾಯ ಆಮೇಲೆ ಸಿಕ್ಕಿತು, ಅದೂ ಪುಕ್ಕಟೆ. ಡ್ರೈವರ್ ಸೀಟಿನಲ್ಲಿ ಕೂರಬೇಡಿ, ಸ್ಟಿಯರಿಂಗ್ ಅಡ್ಡ ಬರುತ್ತದೆ. ಪಕ್ಕದ ಸೀಟಿನಲ್ಲಿ ಕೂತು ಸೀಟು ಹಿಂದಕ್ಕೆ ತಳ್ಳಿ, ಬಟ್ಟೆಯನ್ನು ಬೆರಳಿನ ಹಿಂಭಾಗಕ್ಕೆ ಸುತ್ತಿಕೊಂಡು, ಅಂಗೈ ನಿಮ್ಮ ಕಡೆ ಇರುವ ಹಾಗೆ ಕೈ ತಿರುಗಿಸಿ ಒರೆಸಿ. ಗಾಜಿನ ಇಳಿಜಾರಿಗೆ ಕೈ ತಾನಾಗಿ ಕೂತುಕೊಳ್ಳುತ್ತದೆ. ಅಂಗೈಯಿಂದ ಒರೆಸಲು ಹೋದಾಗ ಮಣಿಕಟ್ಟು ಡ್ಯಾಶ್‌ಬೋರ್ಡಿಗೆ ತಾಗಿ ನಿಲ್ಲುತ್ತಿತ್ತು. ಇಷ್ಟು ದಿನ ಕೆಳಗಿನ ನಾಲ್ಕು ಇಂಚು ಯಾಕೆ ಯಾವಾಗಲೂ ಮಂಜಾಗಿಯೇ ಇರುತ್ತಿತ್ತು ಅಂತ ಅವತ್ತು ಅರ್ಥವಾಯಿತು.

ದಪ್ಪ ಮೈಕ್ರೋಫೈಬರ್ ಬಗ್ಗೆ ಜಾಸ್ತಿ ಹೇಳಲ್ಲ. ಕಾರಿನ ಮೈ ಒರೆಸೋಕೆ ಬಹಳ ಚೆನ್ನಾಗಿದೆ, ಒಂದು ಬಕೆಟ್ ನೀರು ಕುಡಿಯುತ್ತದೆ ಅನಿಸುತ್ತದೆ. ಗಾಜಿಗೆ ಬೇಡ. ಅದರ ಉದ್ದ ಎಳೆಗಳು ನೀರನ್ನು ಹೀರಿಕೊಂಡು ಮುಂದೆ ಮುಂದೆ ಎಳೆಯುತ್ತವೆ, ಜೊತೆಗೆ ಸಣ್ಣ ನೂಲಿನ ಚೂರು ಬಿಡುತ್ತದೆ.

ಗೆದ್ದಿದ್ದು ವಾಫಲ್ ಬಟ್ಟೆ. ನಾನು ತಂದಿದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಬ್ರ್ಯಾಂಡ್ ಇಲ್ಲದ್ದು, ಜೋಡಿಗೆ 240 ರೂಪಾಯಿ. ಅಂಗಡಿಯವರು ಮೊದಲು ಫೋಮಿನ ದೊಡ್ಡ ಡಬ್ಬಿ ತೋರಿಸಿದರು. ಅದು ಮನೇಲಿ ಇದೆ, ಗೆರೆ ಬೀಳುತ್ತೆ ಅಂದೆ. "ಮೇಡಂ, ಹಾಗಾದ್ರೆ ಔಷಧಿ ಬದಲಾಯಿಸಬೇಡಿ, ಬಟ್ಟೆ ಬದಲಾಯಿಸಿ" ಅಂದರು. ವ್ಯಾಪಾರಿ ಬಾಯಿಂದ ಕಡಿಮೆ ಬೆಲೆಯ ಸಾಮಾನಿನ ಸಲಹೆ ಬಂದರೆ ನಂಬಬೇಕು ಅನಿಸಿತು.

40 ಸೆಂ.ಮೀ. ಚೌಕದ ಬಟ್ಟೆ. ಎರಡು ಸಲ ಮಡಚಿದರೆ ಅಂಗೈ ಅಗಲ ಆಗುತ್ತದೆ, ತಿರುಗಿಸಿ ತಿರುಗಿಸಿ ಹಿಡಿದರೆ ಎಂಟು ಮುಖ ಸಿಗುತ್ತವೆ. ಒಂದು ಮುಖ ಕೊಳೆಯಾದ ಮೇಲೆ ಅದರಲ್ಲೇ ಉಜ್ಜುವುದು ಅಂದರೆ ಇಲ್ಲಿಯ ಜಿಡ್ಡನ್ನು ಅಲ್ಲಿಗೆ ಸಾಗಿಸುವುದು, ಅಷ್ಟೇ. ಜೋಡಿಯಲ್ಲಿ ಒಂದನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡುತ್ತೇನೆ, ಎರಡನೆಯದು ಪೂರ್ತಿ ಒಣಗಿರಬೇಕು. ಒದ್ದೆಯದರಲ್ಲಿ ಒರೆಸಿ, ನೀರು ತಾನಾಗಿ ಒಣಗುವ ಮೊದಲೇ ಒಣಗಿದ್ದರಲ್ಲಿ ಉಜ್ಜಬೇಕು. ಅದಕ್ಕೇ ಬಿಸಿಲಲ್ಲಿ ಈ ಕೆಲಸ ಮಾಡಬಾರದು. ಬಿಸಿ ಗಾಜಿನ ಮೇಲೆ ಸ್ಪ್ರೇ ಹೊಡೆದರೆ ನೀವು ಬಟ್ಟೆ ಮಡಚುವಷ್ಟರಲ್ಲಿ ಒಣಗಿ ಕಲೆ ಕೂತಿರುತ್ತದೆ.

ಇನ್ನೊಂದು ಚಿಕ್ಕ ವಿಷಯ. ಹೊರಗಡೆ ಮೇಲಿಂದ ಕೆಳಗೆ ಒರೆಸಿ, ಒಳಗಡೆ ಅಡ್ಡಡ್ಡ ಒರೆಸಿ. ಗೆರೆ ಉಳಿದರೆ ಅದು ಉದ್ದವೋ ಅಡ್ಡವೋ ನೋಡಿದರೆ ಯಾವ ಕಡೆಯದು ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಒಳಗೆ ಉಜ್ಜಿ, ಇಳಿದು, ಹೊರಗೆ ಉಜ್ಜಿ, ಮತ್ತೆ ಹತ್ತಿ... ನಮ್ಮ ಬೀದಿಯವರು ಒಂದು ಭಾನುವಾರ ನನ್ನನ್ನು ಹಾಗೆ ನೋಡಿದ್ದಾರೆ.

ಬಟ್ಟೆಗೆ ಪೂರ್ತಿ ಅಂಕ ಕೊಡಬೇಕು ಅಂತಿದ್ದೆ, ಒಂದು ವಿಷಯಕ್ಕೆ ಅರ್ಧ ಕಡಿಮೆ. ತೊಳೆಯುವುದರಲ್ಲಿ ಬಹಳ ನಾಜೂಕು. ಒಂದು ಸಲ ನಮ್ಮ ಯಜಮಾನರು ಸಹಾಯ ಮಾಡುತ್ತೇನೆ ಅಂತ ಮನೆಯ ಬಟ್ಟೆಗಳ ಜೊತೆ ಇದನ್ನೂ ವಾಷಿಂಗ್ ಮೆಷಿನ್ನಿಗೆ ಹಾಕಿ, ಘಮಘಮ ಅನ್ನಲಿ ಅಂತ ಫ್ಯಾಬ್ರಿಕ್ ಕಂಡಿಷನರನ್ನೂ ಸುರಿದಿದ್ದಾರೆ. ಬಟ್ಟೆ ಮೆತ್ತಗೆ, ಮಲ್ಲಿಗೆ ವಾಸನೆ. ಮಾರನೇ ದಿನ ಗಾಜಿಗೆ ಇಟ್ಟರೆ ಎಣ್ಣೆ ಕೈಯಲ್ಲಿ ಸವರಿದ ಹಾಗೆ. ಕಂಡಿಷನರ್ ಎಳೆಗಳ ಮೇಲೆ ಒಂದು ಪದರ ಕೂರಿಸುತ್ತದೆ, ಆ ಪದರ ಆಮೇಲೆ ಗಾಜಿಗೆ ಬರುತ್ತದೆ. ಜೊತೆಗೆ ಬನಿಯನ್, ಟವೆಲ್‌ಗಳ ಹತ್ತಿ ಧೂಳೆಲ್ಲ ಇದಕ್ಕೆ ಅಂಟಿಕೊಂಡಿತ್ತು. ಬೆಚ್ಚಗಿನ ನೀರಿಗೆ ಸ್ವಲ್ಪ ಲಿಕ್ವಿಡ್ ಸೋಪು ಹಾಕಿ ಎರಡು ಸಲ ನೆನೆಸಿ ಕೈಯಲ್ಲೇ ಒಗೆದ ಮೇಲೆ ದಾರಿಗೆ ಬಂತು.

ನೀರಿನ ವಿಷಯ ಹೇಳದಿದ್ದರೆ ಆಗಲ್ಲ. ನಮ್ಮ ಮನೆಯದು ಬೋರ್‌ವೆಲ್ ನೀರು. ಸ್ಟೀಲ್ ಬಿಂದಿಗೆಯಲ್ಲಿ ಒಂದು ವಾರ ಇಟ್ಟರೆ ಬಿಳಿ ಗೆರೆ ಕಟ್ಟುತ್ತದೆ. ಅದೇ ನೀರಲ್ಲಿ ಕಾರು ತೊಳೆದು ಹಾಗೇ ಬಿಟ್ಟರೆ ಗಾಜಿನ ಮೇಲೆ ಸುಣ್ಣದ ಚುಕ್ಕೆಗಳು. ಇವು ಸ್ಪ್ರೇಗೆ ಜಗ್ಗಲ್ಲ. ಕಿರಾಣಿ ಅಂಗಡಿಯ ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಚುಕ್ಕೆಗಳ ಮೇಲೆ ಐದು ನಿಮಿಷ ಹಾಸಿಟ್ಟೆ, ಆಮೇಲೆ ತೊಳೆದೆ. ಬಹಳಷ್ಟು ಹೋಯಿತು. ವರ್ಷಗಟ್ಟಲೆ ಕೂತ ಒಂದೆರಡು ಹೋಗಲಿಲ್ಲ, ಅವು ಗಾಜನ್ನೇ ತಿಂದುಬಿಟ್ಟಿರುತ್ತವೆ, ಪಾಲಿಶ್ ಮಾಡಿಸಬೇಕು. ಈಗ ಕೊನೆಯ ಒರೆಸುವಿಕೆಗೆ ಮಾತ್ರ ಡಿಸ್ಟಿಲ್ಡ್ ವಾಟರ್ ಬಳಸುತ್ತೇನೆ, ಬ್ಯಾಟರಿ ಅಂಗಡಿಯಲ್ಲಿ ಲೀಟರಿಗೆ 30 ರೂಪಾಯಿಗೆ ಸಿಕ್ಕಿತು. ಕೇಳುವಾಗ ಸರಿಯಾಗಿ ಡಿಸ್ಟಿಲ್ಡ್ ವಾಟರ್ ಅಂತಲೇ ಕೇಳಿ, ಬ್ಯಾಟರಿಗೆ ಹಾಕೋದು ಅಂದರೆ ಆಸಿಡ್ ಕೊಟ್ಟಾರು.

ಇಷ್ಟೆಲ್ಲ ಆದ ಮೇಲೂ ನನ್ನ ಗಾಜು ಪೂರ್ತಿ ತಿಳಿಯಾಗಲಿಲ್ಲ. ಒಳಗಡೆ ಎರಡು ದಿನಕ್ಕೊಮ್ಮೆ ಮಂಜಿನ ಪದರ ವಾಪಸ್. ಬೆರಳಿನಲ್ಲಿ ಗೆರೆ ಎಳೆದರೆ ಕಾಣುತ್ತಿತ್ತು. ನಾವು ಸಿಗರೇಟ್ ಸೇದುವವರಲ್ಲ, ಇದೆಲ್ಲಿಂದ ಬಂತು? ಆಮೇಲೆ ತಿಳಿಯಿತು, ಕಳ್ಳ ಡ್ಯಾಶ್‌ಬೋರ್ಡ್ ಮೇಲೆ ಕೂತಿದ್ದ. ಸರ್ವಿಸಿಗೆ ಬಿಟ್ಟ ಜಾಗದಲ್ಲಿ ಪ್ರತಿ ಸಲ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹೊಡೆದು ಕಪ್ಪಗೆ ಮಿರಮಿರ ಅನ್ನುವ ಹಾಗೆ ಮಾಡಿ ಕೊಡುತ್ತಾರೆ. ಅದರಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಸ್ಪ್ರೇ ಹೊಡೆಯುವಾಗಲೇ ಅದರ ಹನಿ ಗಾಜಿಗೂ ಬೀಳುತ್ತದೆ, ಅದೇ ಬಟ್ಟೆಯಲ್ಲಿ ಗಾಜನ್ನೂ ಒರೆಸಿರುತ್ತಾರೆ. ಇದರ ಜೊತೆಗೆ ಬಿಸಿಲಲ್ಲಿ ನಿಂತ ಕಾರಿನಲ್ಲಿ ಪ್ಲಾಸ್ಟಿಕ್ ಕಾದು ತಾನೇ ಒಂದಿಷ್ಟು ಆವಿ ಬಿಡುತ್ತದೆ, ಹೊಸ ಕಾರಿನ ವಾಸನೆ ಅಂತ ಖುಷಿಪಡುತ್ತೇವಲ್ಲ, ಅದರ ಒಂದು ಪಾಲು ಇದೇ. ಅದೂ ಹೋಗಿ ಗಾಜಿಗೇ ಅಂಟುತ್ತದೆ.

ಸಿಲಿಕೋನ್ ನೀರಿಗೆ ಬಗ್ಗಲ್ಲ. ಮೆಡಿಕಲ್ ಸ್ಟೋರಿನಿಂದ 70 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೋಹಾಲ್ ತಂದೆ, ಬರೀ ಆಲ್ಕೋಹಾಲ್, ಅಲೋವೆರಾ ಅದೂ ಇದೂ ಸೇರಿಸಿದ ಸ್ಯಾನಿಟೈಸರ್ ಅಲ್ಲ. ನೆರಳಲ್ಲಿ ನಿಲ್ಲಿಸಿ, ನಾಲ್ಕೂ ಬಾಗಿಲು ತೆಗೆದು, ಬಟ್ಟೆಗೆ ಹಾಕಿ ಒಳಗಡೆ ಒರೆಸಿದೆ. ಬೇಗ ಬೆಂಕಿ ಹತ್ತುವ ಪದಾರ್ಥ, ಬಾಟಲಿಯನ್ನು ಕಾರಲ್ಲಿ ಬಿಡಬೇಡಿ. ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು, ಮೂರು ಮುಖ ಮುಗಿದ ಮೇಲೆ ನಾಲ್ಕನೆಯದು ಬಿಳಿಯಾಗಿಯೇ ಉಳಿಯಿತು. ಅವತ್ತು ಸಂಜೆ ವಾಪಸ್ ಬರುವಾಗ ಶಿವಗಂಗೆ ಬೆಟ್ಟ ಗಾಜೇ ಇಲ್ಲದ ಹಾಗೆ ಕಂಡಿತು. ಕ್ಯಾತ್ಸಂದ್ರದಲ್ಲಿ ಎರಡು ತಟ್ಟೆ ಇಡ್ಲಿ ಜಾಸ್ತಿಯೇ ತಿಂದೆ. ಈಗ ಸರ್ವಿಸಿಗೆ ಬಿಡುವಾಗ "ಅಣ್ಣಾ, ಡ್ಯಾಶ್‌ಬೋರ್ಡಿಗೆ ಏನೂ ಹೊಡೀಬೇಡಿ" ಅಂತ ಹೇಳಿ, ಜಾಬ್ ಕಾರ್ಡಿನ ಮೇಲೂ ಬರೆಸುತ್ತೇನೆ. ಅವರು ನನ್ನನ್ನು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಮಳೆಯಲ್ಲಿ ಕಮಾನಿನ ಆಕಾರದಲ್ಲಿ ಮಾತ್ರ ಗೆರೆ ಬೀಳುತ್ತಿದ್ದರೆ ಅದು ಬಟ್ಟೆಯ ತಪ್ಪಲ್ಲ, ವೈಪರಿನದು. ರಬ್ಬರಿನ ಅಂಚನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ಎಳೆಯಿರಿ, ಕಾಡಿಗೆ ಥರ ಕಪ್ಪು ಬರುತ್ತದೆ. ಬರುವುದು ನಿಲ್ಲುವವರೆಗೆ ಒರೆಸಿ. ರಬ್ಬರ್ ಸೀಳಿದ್ದರೆ ಹೊಸದು ಹಾಕಿಸಿ, ಬೇರೆ ದಾರಿ ಇಲ್ಲ. ವಾಷರ್ ಟ್ಯಾಂಕಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕುವ ಬುದ್ಧಿವಂತಿಕೆ ನಾನೂ ಮಾಡಿದ್ದೇನೆ, ನೊರೆ ಬಂದು ಒಣಗಿ ಇನ್ನೂ ಹಾಳಾಯಿತು.

ನಮ್ಮಮ್ಮನ ಪ್ರಕಾರ ಇದೆಲ್ಲ ಸುಮ್ನೆ ದುಡ್ಡು ದಂಡ. "ಹಳೇ ಪೇಪರ್ ಒದ್ದೆ ಮಾಡಿ ಉಜ್ಜೇ, ನಿಮ್ಮಪ್ಪ ಮನೆ ಕಿಟಕಿಯೆಲ್ಲ ಹಂಗೇ ಮಾಡ್ತಿದ್ರು" ಅಂದರು. ಮಾಡಿ ನೋಡಿದೆ. ಸುಳ್ಳು ಹೇಳಬಾರದು, ಹೊರಗಡೆ ನಿಜಕ್ಕೂ ಚೆನ್ನಾಗೇ ಬಂತು, ಫೋಮಿಗಿಂತ ವಾಸಿ. ಆದರೆ ಒಳಗಡೆ ಮಸಿ ಕೈಗೆ ಹತ್ತಿ, ಕೈಯಿಂದ ಗಾಜಿಗೂ ಬಾಗಿಲಿಗೂ ನಡುವಿನ ತಿಳಿ ಬಣ್ಣದ ಕಂಬಕ್ಕೆ ಹತ್ತಿತು. ಅದನ್ನು ತೆಗೆಯೋಕೆ ಇನ್ನರ್ಧ ಗಂಟೆ.

ಕೊಳ್ಳುವವರಿಗೆ: ವಾಫಲ್ ಬಟ್ಟೆ ಜೋಡಿ ತಗೊಳ್ಳಿ, ಮನೆಯಲ್ಲಿರುವ ನೀಲಿ ಸ್ಪ್ರೇ ಸಾಕು, ಒಳಗಿನ ಜಿಡ್ಡಿಗೆ ಒಂದು ಸಲ ಆಲ್ಕೋಹಾಲ್. ಫೋಮ್ ಬೇಡ, ಉದ್ದ ಹಿಡಿ ಬೇಡವೇ ಬೇಡ. ಬಟ್ಟೆಗೆ ಐದಕ್ಕೆ ನಾಲ್ಕೂವರೆ.

ಜೋಡಿಯನ್ನು ಜಿಪ್ ಕವರಿನಲ್ಲಿ ಹಾಕಿ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೆ. ಹೋದ ವಾರ ಯಜಮಾನರು ಕನ್ನಡಕ ಒರೆಸೋಕೆ ಅಂತ ಒಣಗಿದ್ದನ್ನು ತಗೊಂಡರು. ಇನ್ನೂ ವಾಪಸ್ ಬಂದಿಲ್ಲ, ಕೇಳಿದರೆ "ಇದರಲ್ಲಿ ಒರೆಸಿದ್ರೆ ಗೆರೇನೇ ಬರಲ್ಲ ಕಣೇ" ಅಂತಾರೆ. ಇನ್ನೊಂದು ಜೋಡಿ ತರಬೇಕು.