ಒಂದೇ ಕಾರು, ನಾಲ್ಕು ಬ್ಲೋವರ್ ಮೋಟರ್

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಐದನೆಯದೋ ಆರನೆಯದೋ ಇಳಿಯುತ್ತಿದ್ದೆವು, ಎಸಿಯ ಗಾಳಿ ಊದುವ ಫ್ಯಾನು, ಅಂದರೆ ಬ್ಲೋವರ್, ನಿಂತಿತು. ಜುಲೈ ತಿಂಗಳ ಮಳೆ, ಕಾರಿನೊಳಗೆ ನಾಲ್ಕು ಜನ. ಎರಡೇ ನಿಮಿಷಕ್ಕೆ ಮುಂದಿನ ಗಾಜು ಸುಣ್ಣ ಬಳಿದ ಹಾಗಾಯಿತು. ಮಗ ಹಿಂದಿನಿಂದ ಟವೆಲು ಚಾಚುವುದು, ನಾನು ಒಂದು ಕೈಯಲ್ಲಿ ಒರೆಸುವುದು, ಎದುರಿಗೆ ಬಸ್ಸು. ಪಕ್ಕದಲ್ಲಿದ್ದ ಹೆಂಡತಿ ಸಿಟ್ಟಿಗೋ ಗಾಬರಿಗೋ ಕಾಲು ಝಾಡಿಸಿದಳು. ಡ್ಯಾಶ್‌ಬೋರ್ಡಿನ ಅಡಿಗೆ ತಗುಲಿತು. ಬುಸ್ಸೆಂದು ಗಾಳಿ ಬಂತು. ಸೋಮೇಶ್ವರ ಮುಟ್ಟುವಷ್ಟರಲ್ಲಿ ಇನ್ನೆರಡು ಸಲ ನಿಂತಿತು, ಎರಡು ಸಲವೂ ಅವಳೇ ಒದ್ದಳು.

ಆ ಒದೆಯೇ ರೋಗ ಏನೆಂದು ಹೇಳಿತ್ತು, ಅರ್ಥವಾಗಿದ್ದು ಮಾತ್ರ ಆಮೇಲೆ. ಒದ್ದರೆ ಏಳುವ ಮೋಟರ್ ಎಂದರೆ ಒಳಗೆ ಕರೆಂಟು ಮುಟ್ಟಿಸುವ ತುಂಡು, ಅಂದರೆ ಕಾರ್ಬನ್ ಬ್ರಷ್, ಸವೆದಿದೆ, ಜೊತೆಗೆ ತಿರುಗುವ ತಾಮ್ರದ ಪಟ್ಟಿಗಳ ಕಮ್ಯುಟೇಟರ್‌ಗೆ ಸರಿಯಾಗಿ ತಾಗುತ್ತಿಲ್ಲ, ಅಲುಗಾಡಿಸಿದಾಗ ಒಮ್ಮೆ ತಾಗುತ್ತದೆ. ಹಾಗಲ್ಲದೆ ಒಂದು, ಎರಡು, ಮೂರನೇ ಸ್ಪೀಡು ಸತ್ತು ನಾಲ್ಕನೆಯದು ಮಾತ್ರ ಓಡಿದರೆ ಮೋಟರಿನ ತಪ್ಪಲ್ಲ, ಕರೆಂಟು ತಗ್ಗಿಸುವ ರೆಸಿಸ್ಟರ್ ಸುಟ್ಟಿದೆ. ನಾಬ್ ತಿರುಗಿಸುವ ಮಾಮೂಲಿ ಎಸಿಯಲ್ಲಿ ಕೆಳಗಿನ ಸ್ಪೀಡುಗಳಿಗೆ ಕರೆಂಟು ಆ ರೆಸಿಸ್ಟರ್ ಮೂಲಕ ಹೋಗುತ್ತದೆ, ಟಾಪ್ ಸ್ಪೀಡಿಗೆ ನೇರ. ಇಷ್ಟು ಗೊತ್ತಿಲ್ಲದೆ ಮೋಟರ್ ತಂದು ಹಾಕಿ ಕೈಸುಟ್ಟುಕೊಂಡವರು ನಮ್ಮ ಬೀದಿಯಲ್ಲೇ ಇಬ್ಬರಿದ್ದಾರೆ.

ಶಿವಮೊಗ್ಗಕ್ಕೆ ವಾಪಸಾದ ಮೇಲೆ ಗ್ಯಾರೇಜಿನಲ್ಲಿ ಕೇಳಿದರೆ "ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಸಾರ್, ಎಲ್ಲ ಸೇರಿ ಆರು ಸಾವಿರ" ಅಂದರು. ಕೆಲವು ಕಾರುಗಳಲ್ಲಿ ಅದು ನಿಜವೂ ಇರಬಹುದು. ನಮ್ಮದು ಹನ್ನೊಂದು ವರ್ಷದ ಸಣ್ಣ ಕಾರು, ಅದರಲ್ಲಿ ಮೋಟರ್ ಕೂತಿರುವುದು ಗ್ಲೋವ್ ಬಾಕ್ಸಿನ ಹಿಂದೆ, ಪಕ್ಕದ ಸೀಟಿನವರ ಎಡಗಾಲಿನ ಮೇಲೆ. ಮೂರು ಸ್ಕ್ರೂ, ವಯರ್ ಜೋಡಿಸುವ ಒಂದು ಪ್ಲಾಸ್ಟಿಕ್ ಕಪ್ಲರ್, ಅಷ್ಟೇ. ಆಮೇಲಿನ ಎರಡೂವರೆ ವರ್ಷದಲ್ಲಿ ಅದೇ ಜಾಗಕ್ಕೆ ನಾಲ್ಕು ಥರದ ಮೋಟರ್ ಹಾಕಿ ನೋಡಿದೆ: ಗುಜರಿಯದು, ಲೋಕಲ್ ಹೊಸದು, ಬ್ರಷ್ ಬದಲಿಸಿದ ನಮ್ಮ ಹಳೆಯದು, ಕೊನೆಗೆ ಕಂಪ್ನಿಯದು. ಶೋಕಿಗೆ ಮಾಡಿದ ಪ್ರಯೋಗವೇನಲ್ಲ. ಒಂದು ಕೈಕೊಟ್ಟಾಗಲೆಲ್ಲ ಇನ್ನೊಂದಕ್ಕೆ ಹೋದೆ.

ಬಿಚ್ಚುವ ಕೆಲಸ ನಾಲ್ಕಕ್ಕೂ ಒಂದೇ. ಮೊದಲು ಬಾನೆಟ್ ಎತ್ತಿ 10ರ ಸ್ಪ್ಯಾನರಿನಲ್ಲಿ ಬ್ಯಾಟರಿಯ ಮೈನಸ್ ಕಳಚಬೇಕು. ಪಕ್ಕದ ಸೀಟಿಗೂ ಏರ್‌ಬ್ಯಾಗ್ ಇರುವ ಕಾರಾದರೆ ಕಳಚಿದ ಮೇಲೆ ಹತ್ತು ನಿಮಿಷ ಸುಮ್ಮನೆ ಕೂತು ಚಹಾ ಕುಡಿಯಿರಿ, ಯಾಕೆಂದರೆ ಏರ್‌ಬ್ಯಾಗ್ ಇರುವುದು ನೀವು ಕೈಹಾಕುವ ಜಾಗದ ಮೇಲೇ. ಆಮೇಲೆ ಗ್ಲೋವ್ ಬಾಕ್ಸಿನ ಎರಡೂ ಬದಿ ಒಳಗೆ ಒತ್ತಿದರೆ ಅದು ಕೆಳಕ್ಕೆ ಜೋತುಬೀಳುತ್ತದೆ. ಮೂರು ಸ್ಕ್ರೂಗಳಲ್ಲಿ ಎರಡು ಕಣ್ಣಿಗೆ ಕಾಣುತ್ತವೆ. ಮೂರನೆಯದು ಇಂಜಿನ್ ಕಡೆಯ ಗೋಡೆಗೆ ಆತುಕೊಂಡಿದೆ, ಗಿಡ್ಡ ಸ್ಕ್ರೂಡ್ರೈವರ್ ಇಲ್ಲದೆ ಬಗ್ಗುವುದಿಲ್ಲ. ಮೊದಲ ಸಲ ಸೀಟಿನ ಬೆನ್ನಿಗೆ ಕಾಲು ಹಾಕಿ, ತಲೆ ಕೆಳಗಾಗಿ ಮಲಗಿ, ಅದೊಂದೇ ಸ್ಕ್ರೂಗೆ ಮುಕ್ಕಾಲು ಗಂಟೆ ಹಿಡಿಯಿತು. ನಾಲ್ಕನೇ ಸಲಕ್ಕೆ ಇಡೀ ಕೆಲಸ ಇಪ್ಪತ್ತು ನಿಮಿಷ.

ಮೋಟರ್ ಕೆಳಗಿಳಿದಾಗ ಅದರ ಜೊತೆ ಮುಖದ ಮೇಲೆ ಒಂದು ಬೊಗಸೆ ಒಣ ಹೊಂಗೆ ಹೂ ಬಿತ್ತು. ಕಾರು ನಿಲ್ಲುವುದು ಹೊಂಗೆ ಮರದ ಕೆಳಗೆ. ವೈಪರ್ ಬುಡದ ಜಾಲರಿಯಿಂದ ಇಳಿದು, ಫ್ಯಾನಿನ ಪಂಜರದೊಳಗೆ ಪುರಿಯ ಹಾಗೆ ತುಂಬಿಕೊಂಡಿತ್ತು.

ಮೊದಲು ಗುಜರಿಯದು. ಬೆಂಗಳೂರಿಗೆ ಹೋಗುವ ಕೆಲಸವಿತ್ತು, ಶಿವಾಜಿನಗರದ ಗುಜರಿ ಅಂಗಡಿಯೊಂದರಲ್ಲಿ ನಮ್ಮದೇ ಮಾಡೆಲ್‌ನ ಮೋಟರ್ ₹700ಕ್ಕೆ ಸಿಕ್ಕಿತು. ಅಂಗಡಿಯವರು ನೆಲದ ಮೇಲಿದ್ದ ಹಳೇ ಬ್ಯಾಟರಿಗೆ ಎರಡು ವಯರ್ ತಾಗಿಸಿದರು, ಗಿರ್ರನೆ ತಿರುಗಿತು, ನಾನು ದುಡ್ಡು ಕೊಟ್ಟೆ. ಮೂರ್ಖತನ ನನ್ನದೇ. ಬ್ಯಾಟರಿಗೆ ತಾಗಿಸಿದರೆ ಸಾಯಲು ಬಿದ್ದ ಮೋಟರೂ ತಿರುಗುತ್ತದೆ. ನೋಡಬೇಕಾದ್ದು ಬೇರೆ. ಫ್ಯಾನನ್ನು ಬೆರಳಲ್ಲಿ ತಿರುಗಿಸಿ ಬಿಟ್ಟಾಗ ಕೆರೆತದ ಸದ್ದಿಲ್ಲದೆ ತಾನಾಗಿ ನಿಲ್ಲಬೇಕು. ಶಾಫ್ಟನ್ನು ಅಡ್ಡಡ್ಡ ಅಲುಗಿಸಿದರೆ ಟಕಟಕ ಅನ್ನಬಾರದು. ಗಾಳಿಕಂಡಿಯಲ್ಲಿ ಟಾರ್ಚ್ ಬಿಟ್ಟರೆ ಕಾಡಿಗೆಯಂಥ ಪುಡಿ ರಾಶಿ ಕಾಣಬಾರದು, ಕಂಡರೆ ಬ್ರಷ್ ಅರ್ಧ ತಿಂದಾಗಿದೆ.

ಆದರೂ ಆ ಮೋಟರನ್ನು ಪೂರಾ ಬೈಯಲಾರೆ. ಕಪ್ಲರ್ ಟಕ್ಕೆಂದು ಕೂತಿತು, ಗಾಳಿ ಹೊಸ ಕಾರಿನಷ್ಟೇ ಬಂತು. ಡಿಸೆಂಬರಿನ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಚಿಂವ್ ಚಿಂವ್ ಶುರುವಾಯಿತು, ಡ್ಯಾಶ್‌ಬೋರ್ಡಿನೊಳಗೆ ಗುಬ್ಬಿ ಗೂಡು ಕಟ್ಟಿದ ಹಾಗೆ. ಶಾಫ್ಟ್ ಕೂರುವ ಬುಷ್ ಒಣಗಿದ ಸದ್ದು ಅದು. ಏಪ್ರಿಲ್‌ನಲ್ಲಿ ಚಿತ್ರದುರ್ಗದ ದಾರಿಯಲ್ಲಿ, ಮಟಮಟ ಮಧ್ಯಾಹ್ನ, ಗೊರ್ರೆಂದು ನಿಂತಿತು. ಎಂಟು ತಿಂಗಳು ಬಾಳಿಕೆ. ಒದ್ದರೂ ಏಳಲಿಲ್ಲ.

ಸೆಕೆಯ ಸಿಟ್ಟಿನಲ್ಲಿ ಮಾಡುವ ಖರೀದಿ ಹೇಗಿರುತ್ತದೆ ಗೊತ್ತಲ್ಲ. ಮಾರನೇ ದಿನವೇ ಹತ್ತಿರದ ಅಂಗಡಿಯಿಂದ ₹1,450 ಕೊಟ್ಟು ಲೋಕಲ್ ಹೊಸದನ್ನು ತಂದೆ. "ಕಂಪ್ನಿ ಮಾಲಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ ಸಾರ್, ಡಬ್ಬಿ ಮಾತ್ರ ಬೇರೆ." ಮನೆಗೆ ಬಂದು ಡಬ್ಬಿ ತೆರೆದರೆ ಕಪ್ಲರೇ ಇಲ್ಲ, ಎರಡು ಬರೀ ವಯರ್, ಎರಡೂ ಕಪ್ಪು. ಹಳೆಯದರ ಕಪ್ಲರ್ ಕತ್ತರಿಸಿ ಜೋಡಿಸಿದೆ. ತಿರುಗಿತು, ಸದ್ದೂ ಜೋರಾಗಿ ಬಂತು, ಗಾಳಿ ಮಾತ್ರ ಬಡವನ ಮನೆಯ ಫ್ಯಾನಿನಷ್ಟು. ಇಷ್ಟು ದುಡ್ಡಿಗೆ ಇಷ್ಟೇ ಎಂದುಕೊಂಡು ಎರಡು ದಿನ ಓಡಿಸಿದೆ.

ಮೂರನೇ ದಿನ ಹಳೇ ಮೋಟರಿನ ಫ್ಯಾನನ್ನು ಕೈಯಲ್ಲಿ ಹಿಡಿದು ಅದರ ರೆಕ್ಕೆಗಳ ಬಾಗು ನೋಡುವಾಗ ತಲೆಗೆ ಹೊಳೆಯಿತು: ಹೊಸದು ಉಲ್ಟಾ ತಿರುಗುತ್ತಿದೆ. ಮೇಜಿನ ಫ್ಯಾನು ಉಲ್ಟಾ ತಿರುಗಿದರೆ ಗಾಳಿ ಹಿಂದಕ್ಕೆ ಹೋಗುತ್ತದೆ, ಯಾರಿಗಾದರೂ ಗೊತ್ತಾಗುತ್ತದೆ. ಬ್ಲೋವರಿನ ಪಂಜರದ ಫ್ಯಾನು ಹಾಗಲ್ಲ. ಅದು ನಡುವಿನಿಂದ ಗಾಳಿ ಎಳೆದು ಸುತ್ತಲೂ ಎಸೆಯುತ್ತದೆ, ಹೊರಗಿನ ಶಂಖದಾಕಾರದ ಗೂಡು ಅದನ್ನು ಒಂದೇ ಬಾಯಿಗೆ ತಳ್ಳುತ್ತದೆ. ಹಾಗಾಗಿ ಯಾವ ಕಡೆ ತಿರುಗಿದರೂ ಗಾಳಿ ಅದೇ ಬಾಯಿಂದಲೇ, ಉಲ್ಟಾ ಆದರೆ ತೀರಾ ಕಡಿಮೆ. ವಯರ್ ಅದಲು ಬದಲು ಮಾಡಿದೆ, ಗಾಳಿ ಎರಡರಷ್ಟಾಯಿತು. ಈ ಎರಡು ದಿನದ ಬೈಗುಳವನ್ನು ಲೋಕಲ್ ಮೋಟರಿನ ಲೆಕ್ಕದಿಂದ ತೆಗೆಯಲೇಬೇಕು, ಅದು ನ್ಯಾಯ.

ಉಳಿದ ಬೈಗುಳ ಹಾಗೇ ಇದೆ. ಸೋಲಾರ್ ಕೆಲಸ ಮಾಡುವ ಗೆಳೆಯನೊಬ್ಬನ ಹತ್ತಿರ ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಇದೆ. ಇಂಜಿನ್ ಚಾಲೂ ಇಟ್ಟು, ಟಾಪ್ ಸ್ಪೀಡಿನಲ್ಲಿ ಅಳೆದರೆ ಲೋಕಲ್ ಮೋಟರ್ 18 ಆಂಪಿಯರ್ ಎಳೆಯುತ್ತಿತ್ತು. ಬ್ರಷ್ ಹಾಕಿದ ಮೇಲೆ ನಮ್ಮ ಹಳೆಯದನ್ನೂ ಅಳೆದೆವು, 14. ಗಾಳಿ ಹಳೆಯದರಲ್ಲೇ ಒಂದು ಕೈ ಹೆಚ್ಚು. ನಾಲ್ಕು ಆಂಪಿಯರ್ ಏನು ಮಹಾ ಅನ್ನಿಸಬಹುದು, 30ರ ಫ್ಯೂಸ್ ಕೂಡ ಮಿಸುಕುವುದಿಲ್ಲ. ಆದರೆ ವಯರು, ಕಪ್ಲರು ಬಿಸಿಯಾಗುವುದು ಕರೆಂಟಿನ ವರ್ಗದ ಲೆಕ್ಕದಲ್ಲಿ. 14ರ ವರ್ಗ 196, 18ರದ್ದು 324. ಹನ್ನೊಂದು ವರ್ಷ ಹಳೆಯ, ಸಡಿಲಾದ ಪಿನ್ನುಗಳಿಗೆ ಅದು ಒಂದೂವರೆ ಪಟ್ಟಿಗೂ ಮೀರಿದ ಬಿಸಿ. ಜುಲೈ ಹೊತ್ತಿಗೆ ಕಾರಿನೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಬಿಚ್ಚಿದರೆ ಕಪ್ಲರಿನ ಒಂದು ಮೂಲೆ ಕರಗಿ ಬೆಲ್ಲದ ಪಾಕದ ಹಾಗೆ ಇಳಿದಿತ್ತು. ಮೋಟರ್ ಇನ್ನೂ ಓಡುತ್ತಿತ್ತು, ಅದೇ ಭಯ ಹುಟ್ಟಿಸಿದ್ದು. ಕೆಟ್ಟು ನಿಲ್ಲುವ ವಸ್ತು ವಾಸಿ, ಓಡುತ್ತಲೇ ಸುಡುವುದು ಬೇಡ. ಮೂರು ತಿಂಗಳಿಗೆ ಅದನ್ನು ಕಿತ್ತೆಸೆದೆ, ಕಪ್ಲರೂ ಅದರ ಹಿಂದಿನ ಗೇಣುದ್ದ ವಯರೂ ಹೊಸದು ಹಾಕಿಸಿದೆ.

ಇಷ್ಟೆಲ್ಲ ಆದ ಮೇಲೆ ಅಟ್ಟದ ಮೇಲಿದ್ದ ನಮ್ಮ ಹಳೇ ಮೋಟರಿನ ನೆನಪಾಯಿತು. ಮೊದಲೇ ಇದನ್ನು ಮಾಡಿದ್ದರೆ ಎರಡು ಸಾವಿರ ಉಳಿಯುತ್ತಿತ್ತು. ತಗಡಿನ ಡಬ್ಬಿಯ ನಾಲ್ಕು ಕಿವಿಗಳನ್ನು ನಿಧಾನ ನೇರ ಮಾಡಿದರೆ ಮುಚ್ಚಳ ಬರುತ್ತದೆ. ಒಳಗೆ ಒಂದು ಬ್ರಷ್ ಅಕ್ಕಿಕಾಳಿನಷ್ಟು ಉಳಿದಿತ್ತು, ಇನ್ನೊಂದು ಕಡಲೆಬೇಳೆಯಷ್ಟು. ಅದನ್ನು ಹಿಡಿದುಕೊಂಡು ಮೋಟರ್ ವೈಂಡಿಂಗ್ ಅಂಗಡಿಗೆ ಹೋದೆ. ನಾನು ಶೋಕೇಸಿನಲ್ಲಿದ್ದ ಮಿಕ್ಸಿ ಬ್ರಷ್ ತೋರಿಸಿ "ಇದನ್ನೇ ಉಜ್ಜಿ ಹಾಕಿದರೆ?" ಅಂದೆ.

"ಬ್ಯಾಡ ಸಾರ್. ಅದು ಇನ್ನೂರ ಮೂವತ್ತು ವೋಲ್ಟಿಂದು, ಬರೀ ಕಾರ್ಬನ್ನು. ಹನ್ನೆರಡು ವೋಲ್ಟಿಗೆ ತಾಮ್ರ ಇರೋದೇ ಬೇಕು" ಅಂದು ಅವರು ಡಬ್ಬಿ ತಡಕಿ ಒಂದು ಜೊತೆ ಕೊಟ್ಟರು. ಬಿಸಿಲಿಗೆ ಹಿಡಿದರೆ ಕಪ್ಪಿನೊಳಗೆ ಕೆಂಪು ಮಿನುಗು. ಒಂದು ಜೊತೆಯ ಬೆಲೆ ₹80. ಬೇಕಾದ ಅಳತೆಗಿಂತ ಒಂದು ಕೂದಲಷ್ಟು ದಪ್ಪ ಇತ್ತು, ಮರಳು ಕಾಗದದ ಮೇಲೆ ಉಜ್ಜಿ ಸರಿ ಮಾಡಿಕೊಂಡೆ.

ಬ್ರಷ್ಷಿನ ಬಾಲವನ್ನು ಬೆಸುಗೆ ಹಾಕುವುದು ಸುಲಭ. ಕಷ್ಟ ಇರುವುದು ಆರ್ಮೇಚರ್, ಅಂದರೆ ಮೋಟರಿನ ತಿರುಗುವ ಭಾಗ, ವಾಪಸ್ ಕೂರಿಸುವಾಗ: ಎರಡೂ ಬ್ರಷ್ಷುಗಳನ್ನು ಸ್ಪ್ರಿಂಗು ಒಳಕ್ಕೆ ನೂಕುತ್ತಿರುತ್ತದೆ, ಅವನ್ನು ಹಿಂದಕ್ಕೆ ಹಿಡಿಯಲು ಮೂರನೇ ಕೈ ಬೇಕು. ಹೂ ಕಟ್ಟುವ ದಾರದಲ್ಲಿ ಎರಡನ್ನೂ ಹಿಂದಕ್ಕೆ ಕಟ್ಟಿ, ಕೂರಿಸಿದ ಮೇಲೆ ದಾರ ಎಳೆದು ತೆಗೆದೆ. ಕಮ್ಯುಟೇಟರನ್ನು ನಯವಾದ ಮರಳು ಕಾಗದದಲ್ಲಿ ಹೊಳೆಯುವ ತನಕ ಒರೆಸಿ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳಿಂದ ಮಸಿಯನ್ನು ಸೂಜಿಯಲ್ಲಿ ಕೆರೆದೆ. ಬುಷ್ಷಿಗೆ ಹೊಲಿಗೆ ಮಷೀನ್ ಎಣ್ಣೆ ಎರಡೇ ಹನಿ. ಹೆಚ್ಚಾದರೆ ಬ್ರಷ್ಷಿಗೆ ಇಳಿದು ಕೆಸರಾಗುತ್ತದೆ. ಇನ್ನೊಂದು ಮಾತು: ಫ್ಯಾನಿನ ಅಂಚಿನಲ್ಲಿ ಒಂದು ಚಿಕ್ಕ ತಗಡಿನ ಕ್ಲಿಪ್ಪು ಇರುತ್ತದೆ, ಕಸ ಅಂದುಕೊಂಡು ಕೀಳಬೇಡಿ. ಫ್ಯಾನಿನ ತೂಕ ಸಮ ಮಾಡಲು ಹಾಕಿದ್ದು ಅದು, ತೆಗೆದರೆ ಇಡೀ ಡ್ಯಾಶ್‌ಬೋರ್ಡ್ ನಡುಗುತ್ತದೆ.

₹80ರ ಮೋಟರ್ ಹದಿನೈದು ತಿಂಗಳು ಓಡಿತು. ಒಂದು ಮಳೆಗಾಲ, ಒಂದು ಬೇಸಿಗೆ, ಮತ್ತೆ ಇನ್ನೊಂದು ಮಳೆಗಾಲ. ಕೊನೆಕೊನೆಗೆ ಎಡಕ್ಕೆ ಜೋರಾಗಿ ತಿರುಗಿಸಿದಾಗ ಸಣ್ಣಗೆ ಗುರ್ ಅನ್ನುತ್ತಿತ್ತು. ಬ್ರಷ್ ಹೊಸದಾದರೂ ಬುಷ್ ಹಳೆಯದೇ ತಾನೆ, ಸವೆದ ಬುಷ್ಷಿನಲ್ಲಿ ಶಾಫ್ಟು ತೂಗಾಡುತ್ತದೆ. ಬುಷ್ ಬದಲಿಸುವುದು ನನ್ನ ಕೈಲಾಗುವ ಕೆಲಸವಲ್ಲ.

ಹಾಗಾಗಿ ಹೋದ ವರ್ಷ ಅಕ್ಟೋಬರಿನಲ್ಲಿ ಕಂಪ್ನಿಯದನ್ನೇ ₹3,600 ಕೊಟ್ಟು ತರಿಸಿದೆ. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಕಪ್ಲರ್ ಕೂತಿತು, 13 ಆಂಪಿಯರ್, ಒಂದನೇ ಸ್ಪೀಡಿನಲ್ಲಿ ಓಡುತ್ತಿದೆಯೋ ಇಲ್ಲವೋ ಎಂದು ಕೈಯೊಡ್ಡಿ ನೋಡಬೇಕು.

ಹಾಗಾದರೆ ಯಾವುದು? ಒದ್ದರೆ ಏಳುತ್ತಿದ್ದು, ಬೇರೆ ಸದ್ದಿಲ್ಲದಿದ್ದರೆ ಬ್ರಷ್ ಹಾಕಿ, ಎರಡನೇ ಯೋಚನೆ ಬೇಡ. ಚಿಂವ್‌ಗುಟ್ಟಲು, ಗುರುಗುಟ್ಟಲು ಶುರುವಾಗಿದ್ದರೆ, ಕಾರನ್ನು ಇನ್ನೂ ಮೂರ್ನಾಲ್ಕು ವರ್ಷ ಇಟ್ಟುಕೊಳ್ಳುವುದಾದರೆ, ಕಂಪ್ನಿಯದು. ಮುಂದಿನ ವರ್ಷ ಮಾರುವ ಕಾರಿಗೆ ಗುಜರಿಯದು ಸಾಕು, ಶಾಫ್ಟ್ ಅಲುಗಿಸಿ ನೋಡಲು ಅಂಗಡಿಯವರು ಬಿಟ್ಟರೆ ಮಾತ್ರ. ನಾನು ತಂದಂಥ ಹೆಸರಿಲ್ಲದ ಲೋಕಲ್ ಹೊಸದನ್ನು ನನ್ನ ಭಾವಮೈದುನನಿಗೂ ಹಾಕಿಸಲಾರೆ, ಅವನ ಮೇಲೆ ನನಗೆ ಎಷ್ಟೇ ಸಿಟ್ಟಿರಲಿ.

ಯಾವುದನ್ನೇ ಹಾಕಿ, ಟಾಪ್ ಸ್ಪೀಡಿನಲ್ಲಿ ಹದಿನೈದು ನಿಮಿಷ ಓಡಿಸಿ, ಕೀ ತೆಗೆದು, ಕಪ್ಲರನ್ನು ಬೆರಳಲ್ಲಿ ಮುಟ್ಟಿ. ಉಗುರುಬೆಚ್ಚಗಿದ್ದರೆ ಗ್ಲೋವ್ ಬಾಕ್ಸ್ ಮುಚ್ಚಬಹುದು. ಬೆರಳು ತಾನಾಗಿ ಹಿಂದೆ ಬಂದರೆ ಇನ್ನೊಮ್ಮೆ ತಲೆ ಕೆಳಗಾಗಿ ಮಲಗಬೇಕು.