ಕಬ್ಬಿಣದ ಕಾವಲಿಯೋ, ಕುದಿಯುವ ಪಾತ್ರೆಯೋ: ಟೋಕಿಯೋದಲ್ಲಿ ಮಕ್ಕಳ ಜೊತೆ ಊಟ

ಮೇಜಿನ ಮೇಲೆ ನಾವೇ ಬೇಯಿಸಿಕೊಂಡು ತಿನ್ನುವ ಜಪಾನೀ ಹೋಟೆಲ್‌ಗಳಲ್ಲಿ ಮಕ್ಕಳಿರುವ ಮನೆಯವರಿಗೆ ನನ್ನ ಓಟು ಒಕೊನೊಮಿಯಾಕಿಗೆ, ಅಂದರೆ ಎಲೆಕೋಸು ಬೆರೆಸಿದ ಹಿಟ್ಟನ್ನು ಕಾವಲಿಯ ಮೇಲೆ ದಪ್ಪಗೆ ಬೇಯಿಸುವ ತಿಂಡಿಗೆ. ತೆಳು ಮಾಂಸ, ತರಕಾರಿಯನ್ನು ಕುದಿಯುವ ಸಾರಿನಲ್ಲಿ ಅದ್ದಿ ತಿನ್ನುವ ಶಾಬು-ಶಾಬು ಎರಡನೆಯದು, ಮಾಂಸವನ್ನು ಮೇಜಿನ ಮೇಲೆಯೇ ಸುಟ್ಟು ತಿನ್ನುವ ಯಾಕಿನಿಕು ಕೊನೆಗೆ. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಮೂರು ಒಕೊನೊಮಿಯಾಕಿ, ಒಂದು ಯಾಕಿಸೊಬಾ (ಹುರಿದ ನೂಡಲ್ಸ್) ಸಾಕು. ಒಂದೊಂದಕ್ಕೆ ಸುಮಾರು 1000ದಿಂದ 1500 ಯೆನ್. ಗಡಿಯಾರ ನೋಡಿಕೊಂಡು ನುಂಗಬೇಕಿಲ್ಲ.

ಎಲ್ಲ ಕಡೆಯೂ ನಮ್ಮ ಕೈಗೆ ಬಿಡುವುದಿಲ್ಲ. ಒಸಾಕಾದ ಎಷ್ಟೋ ಅಂಗಡಿಗಳಲ್ಲಿ ಅವರೇ ಮಾಡಿ ತಂದಿಡುತ್ತಾರೆ. ಎಲೆಕೋಸು, ನೂಡಲ್ಸ್ ಪದರ ಪದರವಾಗಿ ಏರಿಸುವ ಹಿರೋಶಿಮಾ ಬಗೆಯನ್ನಂತೂ ಗಿರಾಕಿಯ ಕೈಗೆ ಮಾಡಲು ಬಿಡುವುದು ಅಪರೂಪ. ನಾವೇ ಮಾಡಬೇಕೆಂದರೆ ದೋತೋನ್‌ಬೊರಿಯಂಥ ಸರಣಿ ಹೋಟೆಲ್ ವಾಸಿ.

ಇಲ್ಲಿ ಕೆಡುವುದಕ್ಕೆ ಕಾರಣ ನಮ್ಮ ದೋಸೆ ಕೈ. ಹಿಟ್ಟು ಕಾವಲಿಗೆ ಬಿದ್ದ ಕೂಡಲೇ ತೆಳ್ಳಗೆ ಹರಡುತ್ತೇವೆ, ಮಗುಚಿದ ಮೇಲೆ ಮಗುಚುವ ಕೈಯಲ್ಲಿ ಒಂದು ಸಲ ಅದುಮುತ್ತೇವೆ. ಒಕೊನೊಮಿಯಾಕಿಗೆ ಎರಡೂ ಆಗದು. ಮುಕ್ಕಾಲು ಪಾಲು ಹೆಚ್ಚಿದ ಎಲೆಕೋಸೇ ಇರುವ ಹಿಟ್ಟು ಅದು. ಒಳಗಿನ ಗಾಳಿ, ಕೋಸಿನ ಹಬೆ ಎರಡೂ ಸೇರಿ ಅದನ್ನು ಉಬ್ಬಿಸಬೇಕು. ಅದುಮಿದರೆ ಗಾಳಿ ಹೊರಗೆ ಹೋಗಿ ನಡುವೆ ಅಂಟಂಟು ಮುದ್ದೆ ಉಳಿಯುತ್ತದೆ. ಉರಿ ಜಾಸ್ತಿ ಮಾಡಿದರೆ ತಳ ಕಪ್ಪು, ಒಳಗೆ ಹಸಿ.

ಸರಿಯಾದ ಕ್ರಮ ಹೀಗೆ. ಬಟ್ಟಲಿನಲ್ಲಿ ಬಂದ ಹಿಟ್ಟು, ಕೋಸು, ಮೊಟ್ಟೆಯನ್ನು ತಳದಿಂದ ಮೇಲಕ್ಕೆತ್ತಿ ಹತ್ತು ಹನ್ನೆರಡು ಸಲ ಕಲಸಿ. ಗೊಟಾಯಿಸಿದರೆ ಗೋಧಿ ಹಿಟ್ಟು ನಾರಾಗುತ್ತದೆ. ಎಣ್ಣೆ ಸವರಿದ ಕಾವಲಿಯ ಮೇಲೆ ಗುಡ್ಡೆ ಹಾಕಿ, ಅಂಚನ್ನು ಮಾತ್ರ ಒಳಕ್ಕೆ ತಳ್ಳಿ 2 ಸೆಂ.ಮೀ. ದಪ್ಪಕ್ಕೆ ದುಂಡಗೆ ಮಾಡಿ. ಹಂದಿಮಾಂಸದ ತೆಳು ಹೋಳು ಮೇಲೆ ಹಾಸಿ. ಐದು ನಿಮಿಷ ಮುಟ್ಟಬೇಡಿ. ಎರಡು ಕೊತೆಯನ್ನು (ಅವರ ಮಗುಚುವ ಕೈ) ಎದುರುಬದುರು ತಳದವರೆಗೆ ತೂರಿಸಿ ಒಂದೇ ಏಟಿಗೆ ಮಗುಚಿ. ಮತ್ತೆ ಐದು ನಿಮಿಷ, ಇನ್ನೊಂದು ಸಲ ಮಗುಚಿ ಎರಡು ನಿಮಿಷ. ಸಾಸ್, ಮೇಯನೇಸ್ ಆಮೇಲೆ. ಮಗುಚುವಾಗ ಮುರಿದರೆ ಗಾಬರಿ ಬೇಡ, ಕೂಡಿಸಿಟ್ಟರೆ ಮೊಟ್ಟೆ ಬೆಸೆಯುತ್ತದೆ.

ಸಸ್ಯಾಹಾರಿಗಳಿಗೆ ಮಾತ್ರ ಇದು ದಾರಿಯಲ್ಲ. ಚೀಸ್-ಮೋಚಿ (ಮೋಚಿ ಅಂದರೆ ಅಂಟು ಅಕ್ಕಿಯ ಮುದ್ದೆ) ಆರಿಸಿದರೂ ಹಿಟ್ಟಿನಲ್ಲೇ ಸಾಮಾನ್ಯವಾಗಿ ದಾಶಿ ಎಂಬ ಮೀನಿನ ಸಾರು ಸೇರಿರುತ್ತದೆ. ಮೇಲುದುರಿಸುವ ಕತ್ಸುಒಬುಶಿ (ಒಣಮೀನಿನ ತೆಳು ಚೂರು) ಬೇಡ ಎಂದಷ್ಟಕ್ಕೆ ಮುಗಿಯುವುದಿಲ್ಲ.

ಆ ವಿಷಯದಲ್ಲಿ ಶಾಬು-ಶಾಬುವೇ ಮೇಲು. ನಡುವೆ ಗೋಡೆಯಿರುವ ಪಾತ್ರೆ ಕೇಳಿ, ಒಂದು ಪಾಲಿಗೆ ಕೊಂಬು ಎಂಬ ಕಡಲಪಾಚಿಯ ಸಾರು ಹಾಕಿಸಿಕೊಳ್ಳಬಹುದು. ಅದರಲ್ಲಿ ಮೀನು ಬೆರೆತಿದೆಯೇ ಎಂದು ಕೇಳಿಯೇ ಮುಂದುವರಿಯಿರಿ. ಕೋಸು, ಅಣಬೆ, ತೋಫು, ಉದೋನ್ (ದಪ್ಪ ಗೋಧಿ ನೂಡಲ್ಸ್) ಎಲ್ಲ ಅದಕ್ಕೆ. ಗೋಡೆ ಗಿಡ್ಡ, ಉರಿ ಏರಿಸಿದರೆ ಮಾಂಸದ ಪಾಲು ಉಕ್ಕಿ ಈ ಕಡೆ ಬರುತ್ತದೆ, ಸಣ್ಣ ಕುದಿಯಲ್ಲೇ ಇಡಿ. ಅದ್ದಿಕೊಳ್ಳಲು ಕೊಡುವ ಪೊನ್ಜು (ಹುಳಿ ಹಣ್ಣಿನ ಸೋಯಾ ಸಾಸ್), ಎಳ್ಳಿನ ಸಾಸ್ ಎರಡರಲ್ಲೂ ಮೀನಿನ ಸಾರ ಇರಬಹುದು, ಆದ್ದರಿಂದ ಪರ್ಸಿನಲ್ಲಿ ಒಂದು ಪೊಟ್ಟಣ ಉಪ್ಪು-ಮೆಣಸು ಇರಲಿ. ಬೇಸರ ತರಿಸುವುದು ತಾಬೆಹೋದಾಯಿ, ಅಂದರೆ ಇಷ್ಟು ದುಡ್ಡಿಗೆ ಬೇಕಾದಷ್ಟು: ಹೆಚ್ಚಾಗಿ 90 ಅಥವಾ 100 ನಿಮಿಷ, ಕೊನೆಯ ಆರ್ಡರ್ ಅದಕ್ಕೂ ಮುಂಚೆ. ನಾಲ್ಕು ವರ್ಷದ ಮಗು ಒಂದು ಬಟ್ಟಲು ಉದೋನ್ ಮುಗಿಸುವಷ್ಟರಲ್ಲಿ ಅರ್ಧ ಹೊತ್ತು ಕಳೆದಿರುತ್ತದೆ.

ಒಕೊನೊಮಿಯಾಕಿಯ ನೀರು ನೀರಾದ ತಮ್ಮ ಮೊನ್ಜಾಯಾಕಿ ತಿನ್ನಲು ಟೋಕಿಯೋದ ತ್ಸುಕಿಶಿಮಾ ಬೀದಿಗೆ ಹೋಗಿ. ಕೋಸನ್ನು ಹುರಿದು ಕೊಚ್ಚಿ, ಉಂಗುರದಂತೆ ಕಟ್ಟೆ ಕಟ್ಟಿ, ಒಳಗೆ ಅಂಬಲಿಯಂಥ ಹಿಟ್ಟು ಹುಯ್ಯುವುದು. ಕಟ್ಟೆ ಒಡೆದರೆ ಕಾವಲಿಯೆಲ್ಲ ಹೊಳೆ. ಹೊಟ್ಟೆ ತುಂಬುವುದಿಲ್ಲ, ಮಕ್ಕಳಿಗೆ ಮಜಾ.

ಯಾಕಿನಿಕು ದುಬಾರಿ, ಬಟ್ಟೆಗೆಲ್ಲ ಹೊಗೆವಾಸನೆ. ಹಸಿ ಮಾಂಸ ಎತ್ತಿದ ಇಕ್ಕಳದಲ್ಲೇ ಬೆಂದದ್ದನ್ನು ತಟ್ಟೆಗೆ ಹಾಕುವುದು ಇಲ್ಲಿನ ದೊಡ್ಡ ತಪ್ಪು. ಮಕ್ಕಳ ಕೈಗೆ ಇಕ್ಕಳ ಕೊಟ್ಟರೆ ಅದು ನಡೆದೇ ನಡೆಯುತ್ತದೆ. ಹಸಿ ದನದ ಪಿತ್ತಜನಕಾಂಗ ಬಡಿಸುವುದನ್ನು ಜಪಾನ್ 2012ರಲ್ಲಿ ನಿಷೇಧಿಸಿತು, 2015ರಲ್ಲಿ ಹಸಿ ಹಂದಿಮಾಂಸವನ್ನೂ. ಲಿವರ್ ತರಿಸಿದರೆ ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ.

ಒಕೊನೊಮಿಯಾಕಿ ಮೇಜಿನಲ್ಲಿ ಕೂರುವ ಮುನ್ನ ಗ್ಯಾಸಿನ ತಿರುಗಣೆ ಎಲ್ಲಿದೆ ನೋಡಿಕೊಳ್ಳಿ. ಮೇಜಿನ ಅಂಚಿನ ಕೆಳಗೆ, ಸರಿಯಾಗಿ ಮಗುವಿನ ಕೈಗೆ ಸಿಗುವ ಹಾಗೆ ಇರುವುದುಂಟು. ಆ ಜಾಗದಲ್ಲಿ ದೊಡ್ಡವರು ಕೂರಲಿ.